ಅಣ್ಣನ ಎಲೆಯನ್ನು ಇಣುಕಿ ನೋಡಿದವಳು

ಪುತ್ತಿಗೆಯ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬೆಲ್ಲು ಹೊಡೆದರೆ ಹೆಂಗಸರೆಲ್ಲ ಬುತ್ತಿ ಹಿಡಿದುಕೊಂಡು ಹಿಂಬದಿಯ ಉದ್ದದ ಜಗಲಿಗೆ ಬರುತ್ತಾರೆ. ಕಾಂತಿ ಯಾವಾಗಲೂ ಕೊನೆಯ ಕಂಬದ ಬಳಿ, ಗೋಡೆಗೆ ಬೆನ್ನು ಒತ್ತಿ ಕೂರುತ್ತಿದ್ದಳು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದಳು. ಅಲ್ಲಿ ಯಾರಾದರೂ ಬಂದು ಕೂತರೆ ಎದ್ದು ಹೋಗಿ ಬೇರೆ ಕಡೆ ಅಷ್ಟೇ ಜಾಗ ಬಿಟ್ಟು ಕೂರುವಳು. ಊಟ ಮುಗಿದ ಮೇಲೆ ಬುತ್ತಿಯ ತಳದಲ್ಲಿ ಒಂದು ತುತ್ತು ಉಳಿದಿರುತ್ತಿತ್ತು.

“ಆ ಜಾಗ ಯಾರಿಗೆ ಮಾರಾಯ್ತಿ, ಮದುಮಗನಿಗಾ?” ಎಂದು ಅವಳ ಪಕ್ಕದ ಮಣೆಯಲ್ಲಿ ಬೀಜ ಒಡೆಯುವ ರುಖಿಯಮ್ಮ ಕೇಳುವುದಿತ್ತು.

“ಮದುಮಗ ಸಿಕ್ಕಿದರೆ ನಿಮಗೇ ಮೊದಲು ಹೇಳ್ತೇನೆ.”

“ಬೇಗ ಹೇಳು. ನನ್ನ ಹಲ್ಲು ಇರುವಾಗ ಬಿರಿಯಾನಿ ತಿನ್ನಬೇಕು.”

ಹೀಗೆ ಹನ್ನೆರಡು ವರ್ಷ ನಡೆಯಿತು. ಒಂದು ದಿನ ರುಖಿಯಮ್ಮ ಕೈ ತೊಳೆದು ಬರುವುದು ತಡವಾಯಿತು. ಗೇರುಸಿಪ್ಪೆಯ ಎಣ್ಣೆ ಕೈಗೆ ಹಿಡಿದರೆ ಸುಲಭದಲ್ಲಿ ಹೋಗುವುದಿಲ್ಲ. ಜಗಲಿಯ ತುದಿಯಿಂದ ಬರುತ್ತಿದ್ದವಳು ನಡುವೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಹತ್ತಿರ ಬಂದ ಮೇಲೆ ಮೆಲ್ಲಗೆ ಕೇಳಿದಳು:

“ಈಗ ನಿನ್ನ ಹತ್ತಿರ ಕೂತಿದ್ದವರು ಯಾರು?”

“ಯಾರೂ ಇಲ್ಲ.”

“ಬಿಸಿಲಿಗೆ ಕಣ್ಣು ಕತ್ತಲೆ ಬಂತು ಕಾಣ್ತದೆ,” ಎಂದಳು ರುಖಿಯಮ್ಮ. ಆದರೆ ಅವತ್ತು ಬುತ್ತಿ ಬಿಚ್ಚಲಿಲ್ಲ. ಮದುಮಗನ ಮಾತು ಮತ್ತೆ ಎತ್ತಲೂ ಇಲ್ಲ. ಆ ಸಂಜೆ ಬಸ್ಸಿಗೆ ಕಾಯುವಾಗ ಕಾಂತಿ ಅವಳಿಗೆ ಎಲ್ಲವನ್ನೂ ಹೇಳಿದಳು. ಅಷ್ಟರವರೆಗೆ ಯಾರಿಗೂ ಹೇಳಿರಲಿಲ್ಲ.

ಕಾಂತಿಯ ಮನೆ ಮುಂಡಾಜೆಯಲ್ಲಿ. ಅಪ್ಪ ಘಟ್ಟದ ಮೇಲೆ ಕೆಲಸಕ್ಕೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡು ಮತ್ತೆ ಈ ಕಡೆ ಬರಲಿಲ್ಲ. ಅಮ್ಮ ಪೂವಮ್ಮ, ಅಣ್ಣ ವಸಂತ, ಕಾಂತಿ, ಮೂವರೂ ದೊಡ್ಡಪ್ಪ ಪದ್ಮಯ್ಯನವರ ಮನೆಯಲ್ಲಿ ಇದ್ದರು. ಅವಳಿಗೆ ಹತ್ತು ವರ್ಷವಾಗಿದ್ದಾಗ ಮಳೆಗಾಲದ ಮೊದಲ ನೆರೆಗೆ ಹೊಳೆಯಲ್ಲಿ ಮರದ ದಿಮ್ಮಿಗಳು ತೇಲಿ ಬಂದವು. ಊರಿನ ಗಂಡಸರು ಹಗ್ಗ, ಕೊಕ್ಕೆ ಹಿಡಿದು ದಡದಲ್ಲಿ ನಿಂತು ಕಟ್ಟಿಗೆ ಹಿಡಿಯುವುದು ಅಲ್ಲಿ ಪ್ರತಿ ವರ್ಷ ಇದ್ದದ್ದೇ. ಹತ್ತೊಂಬತ್ತು ವರ್ಷದ ವಸಂತ ಒಂದು ದಿಮ್ಮಿಗೆ ಕೊಕ್ಕೆ ಹಾಕಿದ. ದಿಮ್ಮಿ ತಿರುಗಿತು, ಅವನೂ ಅದರ ಜೊತೆ ಹೋದ. ಹೆಣ ಸಿಗಲಿಲ್ಲ. ಹದಿನಾರನೇ ದಿನ ದರ್ಭೆಯ ಗೊಂಬೆ ಮಾಡಿ ಸುಟ್ಟರು.

ಮಳೆ ಜೋರಾಗಿರುವ ಆಟಿ ತಿಂಗಳು ಬಂದರೆ ಸತ್ತವರಿಗೆ ಬಡಿಸುವ ಕ್ರಮ ಆ ಮನೆಯಲ್ಲಿ ಇತ್ತು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸುತ್ತಾರೆ. ಪಕ್ಕದಲ್ಲಿ ನೀರು, ಎದುರಿಗೆ ಒಂದು ದೀಪ. ಆಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಚಾವಡಿಗೆ ಬಂದು ಕೂರುತ್ತಾರೆ. ಮಾತಾಡುವಂತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯರು ಬಾಗಿಲನ್ನು ಮೂರು ಸಲ ತಟ್ಟಿ ತೆರೆಯುತ್ತಾರೆ. ಬಂದವರು ತಿನ್ನುವಾಗ ಬದುಕಿರುವವರ ಕಣ್ಣು ಬೀಳಬಾರದು. ಬಿದ್ದರೆ ಹಸಿದ ಹೊಟ್ಟೆಯಲ್ಲೇ ಎದ್ದು ಹೋಗುತ್ತಾರೆ, ಮತ್ತೆ ಆ ಎಲೆಗೆ ಬರುವುದಿಲ್ಲ.

ವಸಂತನಿಗೆ ಅಮ್ಮ ಕೋಳಿ ಸಾರು, ಸುಟ್ಟ ಒಣಮೀನು, ಪತ್ರೊಡೆ ಬಡಿಸುತ್ತಿದ್ದಳು. ಅವನು ಕದ್ದು ಬೀಡಿ ಸೇದುತ್ತಿದ್ದದ್ದು ಅವಳಿಗೆ ಗೊತ್ತಿತ್ತು, ಒಂದು ಬೀಡಿಯನ್ನೂ ಇಡುತ್ತಿದ್ದಳು. ಮೊದಲ ಎರಡು ವರ್ಷ ಬಾಗಿಲು ತೆರೆದಾಗ ಅನ್ನದ ಒಂದು ಬದಿ ಕುಸಿದಿತ್ತು. ಮೀನಿನ ಬಾಲ ಈಚೆ ಬದಿಗೆ ತಿರುಗಿತ್ತು. “ಮುಟ್ಟಿದ್ದಾನೆ,” ಎಂದು ಅಮ್ಮ ಹೇಳಿದಾಗ ಅವಳ ಮುಖ ವರ್ಷಕ್ಕೊಮ್ಮೆ ಸಡಿಲವಾಗುತ್ತಿತ್ತು.

ಮೂರನೇ ವರ್ಷ ಕಾಂತಿಗೆ ಹದಿಮೂರು. ಅವಳಿಗೆ ಅಣ್ಣನನ್ನು ನೋಡಬೇಕಿತ್ತು, ಅಷ್ಟೇ. ಒಳಕೋಣೆಗೂ ಅಡುಗೆಮನೆಗೂ ನಡುವೆ ಹಲಗೆಯ ಗೋಡೆ. ಅದರಲ್ಲಿ ಒಂದು ಬಿರುಕಿತ್ತು. ಎಲ್ಲರೂ ಚಾವಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾಗ, ಬಾಯಾರಿಕೆಯೆಂದು ಕೈಸನ್ನೆ ಮಾಡಿ ಅಡುಗೆಮನೆಗೆ ಹೋದಳು. ಬಿರುಕಿಗೆ ಕಣ್ಣು ಇಟ್ಟಳು.

ಎಲೆ ಇತ್ತು. ಅನ್ನದಿಂದ ಹಬೆ ಏಳುತ್ತಿತ್ತು. ಯಾರೂ ಇರಲಿಲ್ಲ. ಎಷ್ಟು ನೋಡಿದರೂ ಯಾರೂ ಇರಲಿಲ್ಲ. ಕಣ್ಣು ತೆಗೆಯಬೇಕು ಎನ್ನುವಾಗ ದೀಪದ ಕುಡಿ ಒಂದು ಬದಿಗೆ ಬಾಗಿತು, ಹತ್ತಿರ ಕೂತವರು ಎದ್ದರೆ ಬಾಗುವ ಹಾಗೆ. ಮತ್ತೆ ನೆಟ್ಟಗಾಯಿತು.

ದೊಡ್ಡಪ್ಪ ಬಾಗಿಲು ತೆರೆದಾಗ ಎಲೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ಅಮ್ಮ ತುಂಬ ಹೊತ್ತು ನಿಂತು ನೋಡಿದಳು. “ಯಾರಾದರೂ ನೋಡಿದಿರಾ?” ಎಂದು ದೊಡ್ಡಪ್ಪ ಕೇಳಿದರು. ಕಾಂತಿ ಇಲ್ಲ ಎಂದು ತಲೆಯಾಡಿಸಿದಳು. ಆ ಮೇಲೆ ಯಾವ ವರ್ಷವೂ ವಸಂತನ ಎಲೆ ಮುಟ್ಟಿದ ಗುರುತು ಕಾಣಲಿಲ್ಲ.

ಅವತ್ತಿನಿಂದ ಕಾಂತಿ ಊಟಕ್ಕೆ ಕೂತರೆ ಎಡಗಡೆ ಯಾರೋ ಬಂದು ಕೂರುತ್ತಿದ್ದರು. ಹೆಜ್ಜೆಯ ಸದ್ದಿಲ್ಲ, ಉಸಿರಿಲ್ಲ. ತುಂಬಿದ ಬಸ್ಸಿನಲ್ಲಿ ತಿರುಗಿ ನೋಡದೆಯೇ ಪಕ್ಕದ ಸೀಟಿಗೆ ಜನ ಬಂದದ್ದು ಗೊತ್ತಾಗುವುದಿಲ್ಲವೇ, ಹಾಗೆ ಗೊತ್ತಾಗುತ್ತಿತ್ತು. ಅವಳು ತಿರುಗುತ್ತಿರಲಿಲ್ಲ. ಒಮ್ಮೆ ನೋಡಿ ಅಣ್ಣನನ್ನು ಹಸಿದ ಹೊಟ್ಟೆಯಲ್ಲಿ ಎಬ್ಬಿಸಿದವಳು ಮತ್ತೊಮ್ಮೆ ನೋಡುವುದು ಹೇಗೆ? ಒಂದು ತುತ್ತು ಉಳಿಸಿ ಏಳುತ್ತಿದ್ದಳು.

ಇನ್ನೊಂದು ಹಿಂಸೆಯೂ ಇತ್ತು. ತಾನು ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ಯಾರೂ ಬರಲೇ ಇಲ್ಲವೆಂದಾದರೆ ಅಣ್ಣ ಎಲ್ಲಿಯೂ ಇಲ್ಲ. ಬಂದಿದ್ದನೆಂದಾದರೆ ತನ್ನಿಂದಾಗಿ ಹಸಿದು ಅಲೆಯುತ್ತಿದ್ದಾನೆ. ಯಾವುದನ್ನು ನಂಬಿದರೂ ನಿದ್ದೆ ಬರುತ್ತಿರಲಿಲ್ಲ.

ಮನೆಯವರು ಸುಮ್ಮನೆ ಕೂರಲಿಲ್ಲ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ವಸಂತ ಮದುವೆಯ ಆಸೆ ಇಟ್ಟುಕೊಂಡು ಹೋಗಿದ್ದಾನೆ, ಅವನಿಗೆ ತೃಪ್ತಿಯಾಗದೆ ತಂಗಿಗೆ ಕಂಕಣ ಕೂಡುವುದಿಲ್ಲ ಎಂದು ಬಂತು. ಸತ್ತವರಿಗೂ ಹೆಣ್ಣು ನೋಡಿ ಮದುವೆ ಮಾಡುವ ಕ್ರಮ ಈ ಕಡೆ ಇದೆ. ಮಾಣಿ ಊರಿನ ಆಚೆಯ ಒಂದು ಮನೆಯಲ್ಲಿ ಜ್ವರದಿಂದ ತೀರಿಕೊಂಡ ಹುಡುಗಿ ಇದ್ದಾಳೆಂದು ತಿಳಿಯಿತು. ಜಾತಕ ಕೂಡಿಸಿ, ಮಾತುಕತೆ ನಡೆಸಿ, ಎರಡು ಮಣೆಗಳ ಮೇಲೆ ಒಂದು ಸೀರೆ, ಒಂದು ಪಂಚೆ ಇಟ್ಟು ಧಾರೆ ಎರೆದರು. ದಿಬ್ಬಣ ಹೊರಡುವಾಗ ಹುಡುಗಿಯ ತಾಯಿ ಕಾಂತಿಯ ಕೈ ಹಿಡಿದುಕೊಂಡು, “ನನ್ನ ಮಗಳಿಗೆ ಖಾರ ಆಗುವುದಿಲ್ಲ. ನಿನ್ನ ಅಮ್ಮನಿಗೆ ಹೇಳು ಮಗಾ,” ಎಂದಳು. ಮುಂದಿನ ಆಟಿಯಲ್ಲಿ ಎರಡು ಎಲೆ ಹಾಕಿದರು. ಒಂದಕ್ಕೆ ಖಾರ ಇಲ್ಲದ ಸಾರು. ಎರಡೂ ಇದ್ದ ಹಾಗೇ ಇದ್ದವು.

ಕಾಂತಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ಪುತ್ತಿಗೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಬೀಜದ ಕೆಲಸಕ್ಕೆ ಸೇರಿದಳು. ಮೂಡುಬಿದಿರೆಯಲ್ಲಿ ಒಮ್ಮೆ ಮೂಢನಂಬಿಕೆಯ ವಿರುದ್ಧ ಭಾಷಣ ಇತ್ತು. ಅವಳೂ ಹೋಗಿ ಹಿಂದೆ ಕೂತಳು. ಭಾಷಣ ಮುಗಿದ ಮೇಲೆ ಎದ್ದು ನಿಂತು, ತನ್ನ ಮನೆಯದೆಂದು ಹೇಳದೆ, ಎಲೆಯ ಅನ್ನ ಮೊದಲೆರಡು ವರ್ಷ ಕುಸಿದದ್ದು ಹೇಗೆಂದು ಕೇಳಿದಳು.

“ಇಲಿ ಅಮ್ಮಾ, ಇಲಿ,” ಎಂದರು ಮಾತಾಡಿದವರು. ಸಭೆ ನಕ್ಕಿತು. ಕಾಂತಿಯೂ ನಕ್ಕಳು. ಮನಸ್ಸು ಹಗುರವಾಗಿ ಕೋಣೆಗೆ ಬಂದು ಗಂಜಿ ಬಡಿಸಿಕೊಂಡಳು. ಎರಡನೇ ತುತ್ತಿಗೆ ಎಡಗಡೆ ಯಾರೋ ಬಂದು ಕೂತರು.

ಇದನ್ನೆಲ್ಲ ಕೇಳಿದ ರುಖಿಯಮ್ಮ ಅವಳನ್ನು ಒಂದು ದರ್ಗಾಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ವಯಸ್ಸಾದ ಉಸ್ತಾದರು ನೀರು ಮಂತ್ರಿಸಿ ಕೊಟ್ಟರು, ಅವಳಿಗಾಗಿ ದುವಾ ಮಾಡಿದರು. ಹೊರಗೆ ಬಂದಾಗ ಕಾಂತಿಗೆ ಅಳು ಬಂತು. ಆದರೆ ಅಣ್ಣ ಎಲ್ಲಿದ್ದಾನೆಂದು ಕೇಳಲು ಧೈರ್ಯವಾಗಲಿಲ್ಲ. ಅಣ್ಣನಿಗೆ ಗೋರಿಯೂ ಇರಲಿಲ್ಲ, ಬೂದಿಯೂ ಇರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕಾರ್ಖಾನೆಯ ಎಸ್ತೇರಕ್ಕ ಬಚ್ಚಲಿನಲ್ಲಿ ಜಾರಿ ಕಾಲು ಮುರಿದುಕೊಂಡಳು. ಈಸ್ಟರ್ ಕಳೆದ ಮರು ಆದಿತ್ಯವಾರ ಅವಳಿಗೆ ಇಗರ್ಜಿಗೆ ಹೋಗಲೇಬೇಕಿತ್ತು. ರಿಕ್ಷಾದಿಂದ ಬೆಂಚಿನವರೆಗೆ ಹಿಡಿದುಕೊಳ್ಳಲು ಕಾಂತಿ ಜೊತೆಗೆ ಹೋದಳು. ಹಳೆಯ ಹಂಚಿನ ಮಾಡಿನ ಇಗರ್ಜಿ. ಪ್ರಾರ್ಥನೆ ಕನ್ನಡದಲ್ಲೇ ನಡೆಯಿತು. ಕಾಂತಿ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಒಬ್ಬ ಹುಡುಗಿ ಎದ್ದು ಆ ದಿನದ ಭಾಗ ಓದತೊಡಗಿದಳು.

ಕೊಲ್ಲಲ್ಪಟ್ಟವನ ಜೊತೆಗಾರರು ಹೆದರಿ ಒಂದು ಕೋಣೆಯಲ್ಲಿ ಸೇರಿದ್ದರು. ಇದ್ದಕ್ಕಿದ್ದ ಹಾಗೆ ಅವನು ಅವರ ನಡುವೆ ನಿಂತಿದ್ದ. ಅವರು ಪ್ರೇತವೆಂದು ನಡುಗಿದರು. ಅವನು, ತಿನ್ನಲಿಕ್ಕೆ ಏನಾದರೂ ಇದೆಯೇ ಎಂದು ಕೇಳಿದ. ಅವರು ಸುಟ್ಟ ಮೀನಿನ ಒಂದು ತುಂಡು ಕೊಟ್ಟರು. ಅವನು ಅದನ್ನು ಅವರ ಕಣ್ಣೆದುರಿಗೇ ತಿಂದ.

ಕಾಂತಿ ತಲೆ ಎತ್ತಿದಳು. ತನ್ನ ಕತೆ ಇವರಿಗೆ ಯಾರು ಹೇಳಿದರು ಎಂದು ಮೊದಲು ಅನ್ನಿಸಿತು. ರುಖಿಯಮ್ಮ ಹೇಳಿರಬಹುದೇ? ಸುಟ್ಟ ಮೀನೆಂದು ಹೇಗೆ ಗೊತ್ತು? ಬೆಂಚು ಬಿಟ್ಟು ಹೊರಗೆ ಬಂದು ಗಂಟೆಯ ಕಂಬದ ಬುಡದಲ್ಲಿ ಕೂತಳು. ಪ್ರಾರ್ಥನೆ ಮುಗಿದ ಮೇಲೆ ಎಸ್ತೇರಕ್ಕ ಯಾರದೋ ಹೆಗಲು ಹಿಡಿದು ಕುಂಟುತ್ತಾ ಬಂದಳು.

“ಕಾಲು ಮುರಿದವಳನ್ನು ಬಿಟ್ಟು ಓಡಿದ್ದಾ? ಒಳ್ಳೆ ಜನ ಮಾರಾಯ್ತಿ ನೀನು.”

“ಎಸ್ತೇರಕ್ಕ, ಅವನು ನಿಜವಾಗಿ ತಿಂದನಾ?”

“ಯಾರು?”

“ಮೀನು ತಿಂದವ.”

“ಬರೆದದ್ದು ಹಾಗೇ ಉಂಟು.”

“ಎಲ್ಲರೂ ನೋಡ್ತಾ ಇದ್ದರಲ್ವಾ? ನೋಡಿದ್ದಕ್ಕೆ ಅವನು ಎದ್ದು ಹೋಗ್ಲಿಲ್ವಾ?”

ಎಸ್ತೇರಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎಂತಕ್ಕೆ ಹೋಗ್ತಾನೆ? ನೋಡಲಿ ಅಂತಲೇ ಅಲ್ವಾ ತಿಂದದ್ದು?”

ಕಾಂತಿ ಅದೇ ಕ್ಷಣ ನಂಬಿದಳೆಂದು ಯಾರೂ ತಿಳಿಯಬಾರದು. ಅವಳು ನಂಬಲಿಲ್ಲ. ಕೆಲವು ಆದಿತ್ಯವಾರ ಹೋದಳು, ಮತ್ತೆ ತಿಂಗಳುಗಟ್ಟಲೆ ಹೋಗಲಿಲ್ಲ. ಇದೂ ಯಾವುದೋ ಊರಿನ ಇಲಿಯ ಕತೆಯಾಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ರುಖಿಯಮ್ಮನಿಗೆ ಸ್ವಲ್ಪ ಬೇಸರವೂ ಆಯಿತು. “ನಾನು ಕರೆದರೆ ಒಂದು ಸಲ ಬಂದಿ. ಎಸ್ತೇರಳದ್ದು ಕಾಲು ಮುರಿದದ್ದೇ ತಡ, ಕಾಯಂ ಆದಿ. ನಾನೂ ಎಲ್ಲಾದರೂ ಬೀಳಬೇಕಿತ್ತು,” ಎಂದಳು.

ಹೀಗೆ ಮೂರು ವರ್ಷ. ಒಂದು ಜುಲೈ ತಿಂಗಳಲ್ಲಿ ಕಾರ್ಖಾನೆಯ ಒಬ್ಬ ಹುಡುಗಿಯ ಮದುವೆಗೆ ಹೆಚ್ಚಿನವರು ಹೋಗಿದ್ದರು. ಮಧ್ಯಾಹ್ನ ಕಾಂತಿಯೊಬ್ಬಳೇ ಜಗಲಿಯಲ್ಲಿದ್ದಳು. ಮೋಡ ಎಷ್ಟು ದಟ್ಟವಾಗಿತ್ತೆಂದರೆ ಅಂಗಳದ ಆಚೆಯ ಬೀಜದ ಗೋಣಿಗಳು ಕಾಣುತ್ತಿರಲಿಲ್ಲ. ಮಳೆ ಇನ್ನೂ ಬಂದಿರಲಿಲ್ಲ. ಕಾಗೆಗಳೂ ಸುಮ್ಮನಾಗಿದ್ದವು. ಬುತ್ತಿ ತೆರೆದಳು. ಎಡಗಡೆ ಯಾವಾಗಿನಂತೆ ಬಂದು ಕೂತದ್ದು ಗೊತ್ತಾಯಿತು.

ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವಳು ಆ ಕಡೆ ತಿರುಗಿದಳು.

ಯಾರೂ ಕಾಣಲಿಲ್ಲ. ಕೆಂಪು ಕಾವಿಯ ನೆಲ, ಒಂದು ಒಣಗಿದ ಹಲಸಿನ ಎಲೆ. ಆದರೆ ಕೂತವರು ಎದ್ದು ಹೋಗಲಿಲ್ಲ. ಅವಳು ನೋಡುತ್ತಲೇ ಇದ್ದಳು, ಆದರೂ ಹೋಗಲಿಲ್ಲ.

“ಅಣ್ಣಾ,” ಎಂದಳು.

ಆಗ ಅವಳಿಗೆ ಹೊಳೆಯಿತು. ವಸಂತ ಒಂದು ಕಡೆ ಸುಮ್ಮನೆ ಕೂರುವ ಜಾತಿಯವನಾಗಿರಲಿಲ್ಲ. ಊಟಕ್ಕೆ ಕೂತರೂ ತೊಡೆ ಅಲುಗಿಸುತ್ತಿದ್ದ, ಬೆರಳಿನಿಂದ ಬಟ್ಟಲು ಬಡಿಯುತ್ತಿದ್ದ, ಶಿಳ್ಳೆ ಹೊಡೆದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದ. ಇಷ್ಟು ವರ್ಷ ಅವಳ ಪಕ್ಕದಲ್ಲಿ ಕೂತದ್ದು, ಒಂದು ದಿನವೂ ಬೇಸರಿಸದೆ, ಒಂದು ಸದ್ದೂ ಮಾಡದೆ ಕೂತದ್ದು, ಅವನಲ್ಲ.

“ಹಾಗಾದರೆ ನೀನು ಯಾರು?”

ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದಾಗ ಆದದ್ದನ್ನು ಕಾಂತಿ ಹೆಚ್ಚು ವಿವರಿಸುವುದಿಲ್ಲ. ಹೆದರಿಕೆ ಹೋಗಲಿಲ್ಲ, ಆದರೆ ಓಡಬೇಕೆನಿಸಲಿಲ್ಲ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಗುಡುಗುವಾಗ ಅಂಗಳದ ನಡುವೆ ನಿಂತು ಮೇಲೆ ನೋಡುತ್ತಿದ್ದಾಗಿನ ಹೆದರಿಕೆ ಎನ್ನುತ್ತಾಳೆ. ಬುತ್ತಿಯನ್ನು ಎಡಗಡೆಗೆ ಸರಿಸಿ, “ತಿನ್ನು,” ಎಂದಳಂತೆ. ಅನ್ನ ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದು, ಬುತ್ತಿ ತನ್ನ ಕಡೆಗೆ ಎಳೆದುಕೊಂಡು ತಳದವರೆಗೂ ತಿಂದಳು. ಅವಳು ತಿಂದು ಮುಗಿಸುವವರೆಗೂ ಆ ಪಕ್ಕ ಖಾಲಿಯಾಗಲಿಲ್ಲ. ನೋಡಿದರೂ ಎದ್ದು ಹೋಗದವನೊಬ್ಬನ ಕತೆ ಅವಳು ಕೇಳಿದ್ದಳು. ಆಮೇಲೆ ಮಳೆ ಬಂತು.

ಮರುದಿನ ಅವಳು ಇಗರ್ಜಿಯ ಸಭಾಪಾಲಕರ ಮನೆಗೆ ಹೋಗಿ ದೀಕ್ಷಾಸ್ನಾನ ಬೇಕೆಂದಳು. ಅವರು ಅವಸರ ಮಾಡಲಿಲ್ಲ. ಒಂದೂವರೆ ವರ್ಷ ಬರಹೇಳಿ, ಕೂರಿಸಿ ಮಾತಾಡಿದರು. ಒಮ್ಮೆ ಅವಳು ನೇರವಾಗಿ ಕೇಳಿದಳು, “ನನ್ನ ಅಣ್ಣ ಎಲ್ಲಿದ್ದಾನೆ?”

“ನನಗೆ ಗೊತ್ತಿಲ್ಲಮ್ಮ,” ಎಂದರು ಅವರು. “ಗೊತ್ತುಂಟು ಅಂತ ಹೇಳುವವರು ನಿಮಗೆ ಬೇಕಾದಷ್ಟು ಸಿಕ್ಕಿದ್ದಾರೆ. ನೀವು ಯೇಸುವಿನ ಹತ್ತಿರ ಅವನ ಹೆಸರು ಹೇಳಿ. ಹೇಳಿ ಬಿಟ್ಟುಬಿಡಿ. ಮತ್ತೊಂದು ವಿಷಯ. ನಿಮ್ಮ ಅಮ್ಮನಿಗೆ ನಿಜ ಹೇಳಿದಿರಾ?”

“ಹೇಳಿದರೆ ಅವರು ಸಾಯ್ತಾರೆ.”

“ಹೇಳದೆ ಮೂವತ್ತು ವರ್ಷ ಆಯ್ತಲ್ಲ. ಅವರು ಹೇಗಿದ್ದಾರೆ?”

ಕಾಂತಿ ಮುಂಡಾಜೆಗೆ ಹೋದಳು. ದೊಡ್ಡಪ್ಪ ತೀರಿಕೊಂಡಿದ್ದರು. ಅವರ ಮಗನ ಸಂಸಾರದ ಜೊತೆ ಅಮ್ಮ ಇದ್ದಳು. ಪೂವಮ್ಮ ಅಂಗಳದಲ್ಲಿ ಕತ್ತಿ ಹಿಡಿದು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು.

“ಅಮ್ಮ, ಆ ವರ್ಷ ಇಣುಕಿದ್ದು ನಾನು.”

ಯಾವ ವರ್ಷ ಎಂದು ಅಮ್ಮ ಕೇಳಲಿಲ್ಲ. ಕತ್ತಿ ನಿಂತಿತು.

“ಎಂತ ಕಂಡಿ?”

“ಎಂತದೂ ಇಲ್ಲ. ದೀಪ ಒಂದು ಸಲ ಬಾಗಿತು.”

“ಯಾವ ಕಡೆಗೆ?”

“ಬಾಗಿಲಿನ ಕಡೆಗೆ.”

ಅಮ್ಮ ತಲೆಯಾಡಿಸಿದಳು. “ಬಂದದ್ದಲ್ಲ, ಹೋದದ್ದು,” ಎಂದಳು. ಎದ್ದು ಒಳಗೆ ಹೋದಳು. ಕಾಂತಿ ಸಂಜೆಯ ಬಸ್ಸಿನವರೆಗೂ ಅಂಗಳದಲ್ಲಿ ಕಾದಳು. ಅಮ್ಮ ಹೊರಗೆ ಬರಲಿಲ್ಲ. ಫೋನು ಮಾಡಿದರೆ ತೆಗೆಯಲಿಲ್ಲ. ದೀಕ್ಷಾಸ್ನಾನದ ದಿನ ಮನೆಯ ಕಡೆಯಿಂದ ಯಾರೂ ಇರಲಿಲ್ಲ. ತಲೆಯ ಮೇಲೆ ನೀರು ಬಿದ್ದಾಗ ಕಾಂತಿಗೆ ಹೊಳೆಯ ನೆನಪಾಯಿತು. ಎಸ್ತೇರಕ್ಕ ಅಳುತ್ತಿದ್ದಳು. ರುಖಿಯಮ್ಮ ಗೇಟಿನ ಹೊರಗೆ ರಿಕ್ಷಾದಲ್ಲಿ ಕೂತು ಕಾದಿದ್ದಳು, ಒಳಗೆ ಬರಲಿಲ್ಲ, ಮನೆಗೂ ಹೋಗಲಿಲ್ಲ.

ಕಾಂತಿ ಮುಂಡಾಜೆಗೆ ಹೋಗಿ ಬಂದು ಏಳು ತಿಂಗಳಾದ ಮೇಲೆ, ಒಂದು ಆದಿತ್ಯವಾರ ಮಧ್ಯಾಹ್ನ, ಪೂವಮ್ಮ ಒಬ್ಬಳೇ ಎರಡು ಬಸ್ಸು ಬದಲಿಸಿ ಪುತ್ತಿಗೆಗೆ ಬಂದಳು. ಕೋಣೆಯ ಒಳಗೆ ಬಂದು ನಾಲ್ಕೂ ಕಡೆ ನೋಡಿ ಚಾಪೆಯ ಮೇಲೆ ಕೂತಳು.

“ನೀನೊಬ್ಬಳೇ ಅಲ್ವಾ ಇಲ್ಲಿ ಇರುವುದು?”

“ಹೌದಮ್ಮ.”

“ಹಾಗೆ ಕಾಣುವುದಿಲ್ಲ.” ದನಿ ತಗ್ಗಿಸಿ ಕೇಳಿದಳು, “ಅವನಾ?”

“ಅಲ್ಲ. ನಾನೂ ಅವನೇ ಅಂತ ತಿಳಿದಿದ್ದೆ.”

ಕಾಂತಿ ಮೀನು ತಿಂದವನ ಕತೆ ಹೇಳಿದಳು. ಪೂವಮ್ಮ ಸಂಬಂಧ ಕೇಳುವವರ ಹಾಗೆ ಒಂದೊಂದೇ ವಿಚಾರಿಸಿದಳು. ಮೀನು ಸುಟ್ಟವರು ಯಾರು? ತಾಯಿ ಇದ್ದಳಾ? ಮುಳ್ಳು ತೆಗೆದು ಕೊಟ್ಟರಾ? ಎಷ್ಟು ವಯಸ್ಸಿನಲ್ಲಿ ಹೋದದ್ದು? ಮೂವತ್ತಮೂರು ಎಂದಾಗ ನಾಲಿಗೆಯಿಂದ ಚ್ ಚ್ ಎಂದಳು. ಆಮೇಲೆ ಕೇಳಿದಳು:

“ನನ್ನ ಮಗ ಹಸಿದಿದ್ದಾನಾ?”

“ಇಲ್ಲ ಅಮ್ಮ.”

“ನಿನಗೆ ಹೇಗೆ ಗೊತ್ತು?”

“ಕಂಡದ್ದಲ್ಲ. ನಾನು ಅವನನ್ನು ಯೇಸುವಿನ ಹತ್ತಿರ ಒಪ್ಪಿಸಿದ್ದೇನೆ. ಹಸಿದವರಿಗೆ ಕೊಡದೆ ಕಳಿಸುವವನಲ್ಲ ಅವನು. ಅಷ್ಟು ನಂಬಿದ್ದೇನೆ.”

ಪೂವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಅವತ್ತು ಅವನು ಹೊಳೆಗೆ ಹೋಗುವುದಿಲ್ಲ ಅಂತ ಮಲಗಿದ್ದ,” ಎಂದಳು. “ಎಲ್ಲರ ಮಕ್ಕಳೂ ಕಟ್ಟಿಗೆ ತಂದರು, ನಿನಗೆ ಬಿಟ್ಟಿ ಅನ್ನ ತಿನ್ನಲಿಕ್ಕೆ ನಾಚಿಕೆ ಆಗುವುದಿಲ್ವಾ ಅಂತ ಬೈದು ಎಬ್ಬಿಸಿದ್ದು ನಾನು. ಅನ್ನದ ವಿಷಯ ತೆಗೆದೆ. ಊಟ ಮಾಡದೆಯೇ ಹೋದ.”

ಕಾಂತಿ ಚಾಪೆಯ ಮೇಲೆ ಅಮ್ಮನ ಹತ್ತಿರ ಸರಿದು ಕೂತಳು.

“ಎರಡು ವರ್ಷ ಮುಟ್ಟಿದ. ಮತ್ತೆ ಮುಟ್ಟಲಿಲ್ಲ. ನನ್ನ ಮಾತು ಅವನಿಗೆ ಆಗ ನೆನಪಾಯಿತು ಅಂತ ತಿಳಿದೆ. ನನ್ನ ಕೈಯ ಅನ್ನ ಬೇಡವಾಯಿತು ಅಂತ. ಮೂವತ್ತು ವರ್ಷ ಹಾಗೇ ತಿಳಿದು ಬಡಿಸಿದೆ ಕಾಂತಿ. ನೀನು ಬಂದು ಇಣುಕಿದ್ದು ನಾನು ಅಂದಾಗ ನಿನ್ನನ್ನು ಕೊಲ್ಲುವಷ್ಟು ಸಿಟ್ಟು ಬಂತು. ಸಿಟ್ಟು ಇಳಿಯುವಾಗ ಏಳು ತಿಂಗಳಾಯಿತು. ಅಂದೇ ಹೇಳಬೇಕಿತ್ತು ನೀನು.”

“ತಪ್ಪಾಯಿತು ಅಮ್ಮ.”

“ದೊಡ್ಡ ತಪ್ಪು,” ಎಂದಳು ಪೂವಮ್ಮ. ಕ್ಷಮಿಸಿದೆ ಎಂಬ ಮಾತು ಅವಳ ಬಾಯಿಯಿಂದ ಬರಲಿಲ್ಲ. ಆ ಮಾತನ್ನು ಅವಳು ಯಾವತ್ತೂ ಬಳಸಿದವಳೂ ಅಲ್ಲ. “ನಾನು ಆಟಿಗೆ ಬಡಿಸುವುದು ಬಿಡುವುದಿಲ್ಲ. ನೀನು ನಿನ್ನ ಕ್ರಮದಲ್ಲಿ ಇರು. ಆದರೆ ಅವನ ಹತ್ತಿರ, ಆ ಮೀನು ತಿಂದವನ ಹತ್ತಿರ, ನನ್ನದೂ ಒಂದು ಮಾತು ಹೇಳು.”

“ಎಂತ ಹೇಳಲಿ?”

“ಬೈದದ್ದು ಮನಸ್ಸಿನಿಂದ ಅಲ್ಲ ಅಂತ ನನ್ನ ಮಗನಿಗೆ ಹೇಳಲಿಕ್ಕೆ ಹೇಳು.”

ಕಾಂತಿ ಅಲ್ಲೇ ಕೈ ಮುಗಿದು, ಅಮ್ಮನಿಗೆ ಕೇಳುವ ಹಾಗೆ ಹೇಳಿದಳು. ಪೂವಮ್ಮ ಮಗಳ ಮುಖವನ್ನು ನೋಡಲಿಲ್ಲ. ಕೋಣೆಯ ಇನ್ನೊಂದು ಬದಿಗೆ ನೋಡುತ್ತಿದ್ದಳು, ಮಾತು ಮುಟ್ಟಿತೋ ಇಲ್ಲವೋ ಎಂದು ಯಾರದೋ ಮುಖದಲ್ಲಿ ಹುಡುಕುವವರ ಹಾಗೆ. ಕೊನೆಗೆ ಒಮ್ಮೆ ತಲೆಯಾಡಿಸಿದಳು. ಅವತ್ತಿನ ಬಸ್ಸಿಗೆ ಹೋಗುವ ಮಾತೆತ್ತಲಿಲ್ಲ.